ಆಕಳ ತೇಗು ಮತ್ತು ಪಂಕ್ತಿಭೇದ

ಭಾನುವಳ್ಳಿಯ ನಮ್ಮ ಕೊಟ್ಟಿಗೆಯಲ್ಲಿ ಕೆಂಪಿ, ಬೆಳ್ಳಿ ಎಂಬ ಎರಡು ಆಕಳು. ಹಗಲೆಲ್ಲ ಕಾಲುವೆ ದಂಡೆಯಲ್ಲಿ ಮೇಯುತ್ತವೆ, ಸಂಜೆ ಬಂದು ಮೆಲುಕು ಹಾಕುತ್ತಾ ತೇಗುತ್ತವೆ. ಆ ತೇಗಿನಲ್ಲಿ ಮೀಥೇನ್ ಎಂಬ ಅನಿಲ. ಅದು ಮೇಲೇರಿ, ಬಿಸಿಲಲ್ಲಿ ನಿಂತ ಭೂಮಿಗೆ ಕಂಬಳಿ ಹೊದಿಸಿ ಬೆವರಿಳಿಸುತ್ತದೆ. ಹುಣಸೆಬೀಜದ ಸಿಪ್ಪೆಯನ್ನು ಪುಡಿ ಮಾಡಿ ಮೇವಿಗೆ ಬೆರೆಸಿದರೆ, ಅದರ ಒಗರಿನಿಂದ ಈ ಅನಿಲ ಕಡಿಮೆಯಾಗುತ್ತದೆಯೇ ಎಂದು ನೋಡುವುದು ದಾವಣಗೆರೆ ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟ್. ಕೆಂಪಿಗೆ ಪುಡಿ, ಬೆಳ್ಳಿಗೆ ಬರೀ ಮೇವು. ಇಬ್ಬರ ತೇಗಿನಲ್ಲಿ ವ್ಯತ್ಯಾಸ ಕಂಡರೆ ನಾನು ಪಾಸು, ಕಾಣದಿದ್ದರೆ ಇನ್ನೊಂದು ವರ್ಷ.

ನಾನು ಕಾಲೇಜಿನಿಂದ ಬರುವುದು ತಡ. ಹಾಗಾಗಿ ಪುಡಿ ಬೆರೆಸುವ ಕೆಲಸ ಅಜ್ಜಿ ಉಡಚಮ್ಮನದು.

ಒಂದು ಸಂಜೆ ನನ್ನ ಗೈಡ್ ಶಿವಮೂರ್ತಿ ಸರ್ ಹರಿಹರದ ಮಾರ್ಗವಾಗಿ ಬೈಕಿನಲ್ಲಿ ಬಂದು, ಟಾರ್ಚಿನಂಥ ಯಂತ್ರವನ್ನು ಕೆಂಪಿಯ ಮೂತಿಗೆ ಹಿಡಿದರು. ಅನಿಲ ಮೊದಲಿಗಿಂತ ಕಡಿಮೆ. ನಾನು ಹಿಗ್ಗಿದೆ. ಬೆಳ್ಳಿಯ ಮೂತಿಗೆ ಹಿಡಿದರು. ಅಲ್ಲಿಯೂ ಅಷ್ಟೇ ಕಡಿಮೆ.

"ಮಿಷನ್ ಕೆಟ್ಟೈತೇನೋ," ಎಂದು ಸರ್ ತಮ್ಮ ಬಾಯಿಗೇ ಹಿಡಿದು ನೋಡಿಕೊಂಡರು.

"ಮಿಷನ್ ಚೆನ್ನಾಗೈತ್ರಿ," ಎಂದಳು ಅಜ್ಜಿ. "ನಾನೇ ದಿನಾ ಇಬ್ರಿಗೂ ಅರ್ಧರ್ಧ ಹಾಕ್ತಿದ್ದೆ."

"ಯಾಕಜ್ಜಿ? ಬೆಳ್ಳಿಗೆ ಬ್ಯಾಡ ಅಂತ ಹೇಳಿದ್ನಲ್ಲ," ಎಂದೆ ನಾನು.

"ಒಂದೇ ಸಾಲಿನಾಗ ಕಟ್ಟಿ, ಒಬ್ಬಾಕಿಗೆ ಬಡಿಸಿ, ಇನ್ನೊಬ್ಬಾಕಿಗೆ ಖಾಲಿ ಕೈ ತೋರ್ಸಾದು ಹೆಂಗೆ? ಪಂಕ್ತಿಭೇದ ಮಾಡಿದ ಮಲತಾಯಿ ಹಲ್ಲಿಯಾದ ಕತಿ ಮರ್ತ್ಯೇನು?"

ಮರೆತಿರಲಿಲ್ಲ. ಆ ಕತೆ ಕೇಳಿದ ಮೇಲೆ ಎಷ್ಟೋ ದಿನ ಗೋಡೆಯ ಹಲ್ಲಿಗಳನ್ನೆಲ್ಲ ನಾನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದೆ.

"ಬೆಳ್ಳಿನ ಹಿತ್ತಲಾಗ ಕಟ್ಟಾನ?" ಎಂದೆ.

"ಅಲ್ಲಿಗೆ ಪುಡಿ ವಾಸನಿ ಬಡಿಯಲ್ಲೇನು?"

ಸರ್ ಬೋರಲು ಹಾಕಿದ್ದ ಬಕೆಟ್ ಮೇಲೆ ಕೂತು ಯೋಚಿಸಿದರು. "ಅಜ್ಜಿ, ಹಿಂಗ್ ಮಾಡಾನ್ರಿ. ಈ ತಿಂಗಳು ಕೆಂಪಿ ಪಾಳಿ. ಮುಂದಿನ ತಿಂಗಳು ಪುಡಿ ಬೆಳ್ಳಿಗೆ, ಕೆಂಪಿಗಿಲ್ಲ. ಹುಡುಗಿಗೂ ವರ್ಷ ಉಳಿತೈತೆ."

ಅಜ್ಜಿ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಪಾಳಿ ಅಂದ್ರೆ ನ್ಯಾಯ ಐತೆ. ಆದ್ರೆ ತನ್ನ ಪಾಳಿ ಬರ್ತೈತೆ ಅಂತ ಬೆಳ್ಳಿಗೆ ಗೊತ್ತಾಗಾದು ಹೆಂಗೆ?"

"ನಾನ್ ಹೇಳ್ತೀನಿ ಬಿಡಜ್ಜಿ."

"ನಿನ್ನ ಮಾತು ಆಕಿ ಯಾವತ್ತು ಕೇಳ್ಯಾಳ? ಮೇಷ್ಟ್ರೇ ಹೇಳ್ಲಿ."

ಸರ್ ನನ್ನತ್ತ ನೋಡಿದರು. ನಾನು ಕೈಮುಗಿದೆ. ಅವರು ಪ್ಯಾಂಟು ಮಡಚಿ, ಸಗಣಿ ದಾಟಿ, ಬೆಳ್ಳಿಯ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದರು: "ಮುಂದಿನ ತಿಂಗಳು ನಿಮ್ಮ ಪಾಳಿ."

"ಸ್ವಲ್ಪ ಗಟ್ಟಿಯಾಗಿ ಹೇಳ್ರಿ," ಎಂದಳು ಅಜ್ಜಿ. "ಕೆಂಪಿಗೂ ಕೇಳ್ಲಿ. ಆಮ್ಯಾಲೆ ಗೊತ್ತಿಲ್ಲ ಅಂದಾಳು."