ಎವಲೀನಾಜ್ಜಿ ಪರೀಕ್ಷೆಯವರಿಗೆ ಫೋನ್ ಮಾಡಿದ್ದು

ನಮ್ಮ ದ್ವೀಪದ ಶಾಲೆಗೆ ಟೀಚರುಗಳು ಬರುತ್ತಾರೆ, ನಿಲ್ಲುವುದಿಲ್ಲ. ಆಗಸ್ಟಿನಲ್ಲಿ ಸೇತುವೆ ದಾಟಿ ಬಂದವಳು ಜೂನ್‌ನಲ್ಲಿ ಅದೇ ಸೇತುವೆ ದಾಟಿ ಹೋದರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ದೂರ ಎನ್ನುತ್ತಾರೆ, ಸೊಳ್ಳೆ ಎನ್ನುತ್ತಾರೆ. ನಮ್ಮ ಮಕ್ಕಳು ಆಡುವ ಮಾತು ಅವರಿಗೆ ಅರ್ಥವಾಗುವುದಿಲ್ಲ, ಅರ್ಥವಾಗದ್ದನ್ನೆಲ್ಲ ತಪ್ಪು ಎನ್ನುತ್ತಾರೆ. ಅಮೆರಿಕದ ಸೌತ್ ಕೆರೊಲಿನಾದ ಈ ಕರಾವಳಿಯಲ್ಲಿ ಕರಿಯರ ಮಕ್ಕಳಿಗೆ ಇದು ಹೊಸದೇನಲ್ಲ. ಆದರೂ ನನಗೆ ಪ್ರತಿ ವರ್ಷ ಮೈ ಉರಿಯುತ್ತದೆ.

ಆ ಶಾಲೆಯ ಎರಡನೇ ತರಗತಿಯನ್ನು ನಿಜವಾಗಿ ನಡೆಸುವವಳು ನನ್ನ ಪಕ್ಕದ ಮನೆಯ ರೋಶೆಲ್. ದಾಖಲೆಯಲ್ಲಿ ಅವಳು ಟೀಚರ್ ಅಲ್ಲ, ಬರೀ ಸಹಾಯಕಿ. ಟೀಚರುಗಳು ಬದಲಾಗುತ್ತಾರೆ, ರೋಶೆಲ್ ಅಲ್ಲೇ ಇರುತ್ತಾಳೆ. ಅಳುವ ಮಗುವನ್ನು ಎತ್ತಿಕೊಳ್ಳುವುದು, ಓದು ಹತ್ತದ ಮಗುವಿನ ಪಕ್ಕ ಕೂರುವುದು, ಹೊಸ ಟೀಚರಿಗೆ ನಮ್ಮ ಮಕ್ಕಳ ಮಾತು ಬಿಡಿಸಿ ಹೇಳುವುದು ಎಲ್ಲ ಅವಳೇ. ಅವಳನ್ನು ಸಾಕಿದ್ದು ಅಜ್ಜಿ ಎವಲೀನಾ, ನನಗೂ ಊರಿಗೂ ಅಜ್ಜಿಯೇ.

ಹೋದ ವರ್ಷ ಸೇತುವೆಯಾಚೆಯ ಕಾಲೇಜು ಶಾಲಾ ಸಹಾಯಕಿಯರಿಗೆಂದೇ ಶಿಕ್ಷಕರ ತರಬೇತಿಯಲ್ಲಿ ಒಂದಷ್ಟು ಸೀಟು ತೆಗೆದಿಟ್ಟಿತು. ಸೇರಬೇಕಾದರೆ ಮೊದಲು ಒಂದು ಮೂಲಕೌಶಲ ಪರೀಕ್ಷೆ ಪಾಸಾಗಬೇಕು. ಓದು, ಬರಹ, ಲೆಕ್ಕ, ಮೂರು ಭಾಗ. ರೋಶೆಲ್ ಓದು, ಬರಹ ಎರಡರಲ್ಲೂ ಪಾಸು. ಲೆಕ್ಕದಲ್ಲಿ ಚೂರೇಚೂರಿಗೆ ಫೇಲು. ಲೆಕ್ಕವೊಂದನ್ನೇ ಮತ್ತೆ ಬರೆಯಬಹುದು ಅಂದರು. ಆದರೆ ಜುಲೈ ಮುಗಿಯುವುದರೊಳಗೆ ಪಾಸಾಗದಿದ್ದರೆ ಅವಳ ಸೀಟು ಇನ್ನೊಬ್ಬರ ಪಾಲು. ಇಂಥ ಸೀಟು ಮತ್ತೆ ಯಾವಾಗಲೋ, ಬರುತ್ತದೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

ಒಂದು ಸಂಜೆ ಅಜ್ಜಿಯ ಜಗಲಿಯಲ್ಲಿ ಕೂತು ನಾನೂ ಅಜ್ಜಿಯೂ ಸಿಗಡಿ ತಲೆ ಮುರಿಯುತ್ತಿದ್ದೆವು. ರೋಶೆಲ್ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

"ಮತ್ತೆ ಬರೀಬೇಡ ಬಿಡು," ಅಂದಳು ಅಜ್ಜಿ. "ಅವರಿಗೆ ನಿನ್ನ ಸೇರಿಸ್ಕೊಳ್ಳೋ ಮನಸ್ಸೇ ಇಲ್ಲ. ಚೂರಿಗೆ ಫೇಲಂತೆ! ಅದೇನು ಚೂರು, ಯಾರು ಅಳೆದ್ರು?"

"ಕಂಪ್ಯೂಟರ್ ಅಳೆಯುತ್ತೆ ಅಜ್ಜಿ."

"ಕಂಪ್ಯೂಟರಿಗೆ ಹೇಳಿಕೊಟ್ಟೋರು ಯಾರು?"

ರೋಶೆಲ್ ಬೆನ್ನು ತಿರುಗಿಸಿ ಕೂತಳು.

ಎವಲೀನಾಜ್ಜಿಯ ಅನುಮಾನವನ್ನು ನೋಡಿ ನಗುವವರು ಅವಳ ಕಥೆ ಕೇಳಿಲ್ಲ. ಅವಳು ಚಿಕ್ಕವಳಿದ್ದಾಗ ಅವಳಪ್ಪ ಓಟಿಗೆ ಹೆಸರು ಹಚ್ಚಿಸಲು ಕೋರ್ಟಿನ ಕಛೇರಿಗೆ ಹೋಗಿದ್ದ. ಭಾನುವಾರದ ಕೋಟು ಹಾಕಿಕೊಂಡು, ಮಗಳ ಕೈ ಹಿಡಿದುಕೊಂಡು. ಓಟು ಬೇಕೆಂದ ಕರಿಯರಿಗೆ ಪರೀಕ್ಷೆ ಇಡುತ್ತಿದ್ದ ಕಾಲ ಅದು. ಸಂವಿಧಾನದ ಒಂದು ಪುಟ ಓದು ಎಂದರು. ಓದಿದ. ಅರ್ಥ ಹೇಳು ಎಂದರು. ಹೇಳಿದ. ಗುಮಾಸ್ತ ತಲೆಯೆತ್ತದೆ "ಸಾಲದು" ಎಂದು ವಾಪಸು ಕಳಿಸಿದ. ಆಮೇಲೆ ಅವಳ ದೊಡ್ಡಪ್ಪ ಐಸಾಕ್‌ನ ಕಥೆ. ನಮ್ಮಲ್ಲಿ ಜಮೀನು ಭಾಗವಾಗುವುದಿಲ್ಲ, ಇಡೀ ವಂಶಕ್ಕೆ ಒಂದೇ. ಯಾರೋ ಸಿಹಿ ಮಾತಿನವನು ಬಂದು ಐಸಾಕ್‌ನಿಂದ ಕಾಗದದ ಮೇಲೆ ಒಂದು ಗುರುತು ಹಾಕಿಸಿಕೊಂಡ. ಆ ಒಂದು ಗುರುತಿನ ಬಲದಿಂದ ತಾನೂ ಪಾಲುದಾರ ಎಂದು ಕೋರ್ಟಿಗೆ ಹೋಗಿ ಇಡೀ ಜಮೀನನ್ನೇ ಹರಾಜಿಗೆ ತಂದ. ಈಗ ಅಲ್ಲಿ ಗಾಲ್ಫ್ ಆಡುತ್ತಾರೆ, ಗೇಟಿನಲ್ಲಿ ಕಾವಲುಗಾರನಿದ್ದಾನೆ, ನಮ್ಮ ಹಿರಿಯರ ಗೋರಿಗೆ ಹೂವಿಡಬೇಕಾದರೂ ಅವನ ಅಪ್ಪಣೆ ಬೇಕು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಇಂಥವರು ಹೇಳದೆ ಇನ್ಯಾರು ಹೇಳಬೇಕು?

ಅಷ್ಟರಲ್ಲಿ ವರ್ನೀಸ್ ಬಂದಳು. ನಮ್ಮ ದ್ವೀಪದವಳೇ. ಸೇತುವೆಯಾಚೆ ಶಾಲೆಯಲ್ಲಿ ಗಣಿತದ ಟೀಚರ್. ರಜೆಗೆ ತಾಯಿಯ ಮನೆಗೆ ಬಂದವಳಿಗೆ ರೋಶೆಲ್ ಫೇಲಾದ ಸುದ್ದಿ ತಲುಪಿತ್ತು.

"ಅಜ್ಜಿ, ಸಿಗಡಿ ಜೋರಾಗಿದೆ! ರೋಶೆಲ್, ಲೆಕ್ಕ ನಾನು ಹೇಳಿಕೊಡ್ತೀನಿ ಕಣೇ. ನಾಳೆಯಿಂದ ಶುರು ಮಾಡೋಣ."

ಅಜ್ಜಿ ಕೈ ನಿಲ್ಲಿಸಿದಳು. "ಎಷ್ಟು ತಗೋತೀಯ?"

"ಏನೂ ಬೇಡ ಅಜ್ಜಿ."

"ಏನೂ ಬೇಡ ಅಂದ್ರೆ? ಕಾಲೇಜಿನೋರು ಕೊಡ್ತಾರಾ ನಿಂಗೆ?"

"ಯಾರೂ ಕೊಡಲ್ಲ."

"ಯಾರೂ ಕೊಡದೆ ಯಾಕೆ ಮಾಡ್ತೀಯ? ಐಸಾಕ್‌ಗೂ ಬಂದೋನು ಪುಕ್ಕಟೆ ಸಹಾಯ ಅಂತಾನೇ ಬಂದಿದ್ದ."

ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಪುಕ್ಕಟೆ ಸಿಕ್ಕಿದ್ರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನೋರನ್ನ ನೋಡಿದೀನಿ. ಬೇಡ ಅಂತ ಜಗಳ ಆಡೋಳು ನೀನೊಬ್ಬಳೇ!"

"ಬಾಯಿ ಮುಚ್ಚೇ ಲವೋನಿಯಾ, ಸಿಗಡಿ ನೋಡ್ಕೋ," ಅಂದಳು ನನಗೆ. ವರ್ನೀಸ್‌ಗೆ ಮಾತ್ರ ಹೀಗೆ ಹೇಳಿದಳು: "ಹೇಳಿಕೊಡು. ಆದ್ರೆ ಇಲ್ಲೇ, ನನ್ನ ಕಣ್ಣೆದುರಿಗೆ."

ಮರುದಿನ ವರ್ನೀಸ್ ಪಾಠ ಶುರು ಮಾಡಲಿಲ್ಲ. ಮೊದಲು ಒಂದು ಅಭ್ಯಾಸ ಪರೀಕ್ಷೆ ಬರೆಸಿದಳು. "ಎಲ್ಲಿ ಬರಲ್ಲ ಅಂತ ಗೊತ್ತಾಗ್ದೆ ಏನಂತ ಹೇಳಿಕೊಡಲಿ? ಬರೋದನ್ನೇ ಮತ್ತೆ ಮತ್ತೆ ಓದಿದ್ರೆ ಸಮಾಧಾನ ಸಿಗುತ್ತೆ, ಪಾಸಾಗಲ್ಲ." ಗಡಿಯಾರ ಎದುರಿಗಿಟ್ಟಳು. ರೋಶೆಲ್ ಬರೆಯುತ್ತಾ ಹೋದಳು. ನಾವಿಬ್ಬರು ಮುದುಕಿಯರು ಬೆಂಡೆಕಾಯಿ ಹೆಚ್ಚುತ್ತಾ ಕಣ್ಣಲ್ಲಿ ಕಣ್ಣಿಟ್ಟು ಕಾದೆವು.

ಮುಗಿದ ಮೇಲೆ ವರ್ನೀಸ್ ಹಾಳೆ ನೋಡಿದಳು. ನೋಡುತ್ತಲೇ ಇದ್ದಳು.

"ರೋಶೆಲ್, ಇದ್ಯಾಕೆ ಖಾಲಿ?"

"ಅದು ಸರಿಯಾಗಿ ಗೊತ್ತಿರ್ಲಿಲ್ಲ."

"ಇದು?"

"ಎರಡರಲ್ಲಿ ಒಂದು ಅಂತ ಅನ್ನಿಸ್ತು. ಯಾವುದು ಅಂತ ಖಾತ್ರಿ ಇರ್ಲಿಲ್ಲ."

"ನಿಜವಾದ ಪರೀಕ್ಷೇಲೂ ಹೀಗೇ ಬಿಟ್ಯಾ?"

"ಹೂಂ. ಬಹಳ ಬಿಟ್ಟೆ."

"ಅಯ್ಯೋ, ಯಾಕೆ ಮಾರಾಯ್ತಿ! ನಾಲ್ಕು ಉತ್ತರ ಅವರೇ ಕೊಟ್ಟಿದಾರೆ. ಒಂದಕ್ಕೆ ಗುರುತು ಹಾಕಬೇಕು, ಅಷ್ಟೇ."

ರೋಶೆಲ್ ಅಜ್ಜಿಯ ಕಡೆ ನೋಡಿದಳು. "ಗೊತ್ತಿಲ್ಲದ್ದಕ್ಕೆ ಗುರುತು ಹಾಕಬಾರದು," ಅಂದಳು. ಊಟಕ್ಕೆ ಮುಂಚೆ ಕೈ ತೊಳೆಯಬೇಕು ಎನ್ನುವಷ್ಟು ಸಹಜವಾಗಿ.

ಅದು ಆ ಮನೆಯ ಕಾನೂನು. ಐಸಾಕ್‌ನ ಜಮೀನು ಹೋದ ದಿನದಿಂದ ಆ ಮನೆಯ ಮಕ್ಕಳಿಗೆಲ್ಲ ಕಲಿಸಿದ ಪಾಠ. ರೋಶೆಲ್ ನಡೆಯಲು ಕಲಿಯುವಾಗಲೇ ಇದನ್ನೂ ಕಲಿತಿದ್ದಳು.

ವರ್ನೀಸ್ ದನಿ ತಗ್ಗಿಸಿದಳು. "ಈ ಪರೀಕ್ಷೇಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ ಕಣೇ. ಸರಿ ಆದಷ್ಟನ್ನೇ ಎಣಿಸ್ತಾರೆ. ಖಾಲಿ ಬಿಟ್ರೂ ಸೊನ್ನೆ, ತಪ್ಪಾದ್ರೂ ಸೊನ್ನೆ. ನೀನು ಚೂರಿಗೆ ಹೋಗಿದ್ದು. ಬಿಟ್ಟದ್ದರಲ್ಲಿ ಒಂದಷ್ಟು ಸರಿಯಾಗಿದ್ದಿದ್ರೂ..."

ಎವಲೀನಾಜ್ಜಿ ಚಾಕು ಕೆಳಗಿಟ್ಟಳು.

"ಹಾಗಾದ್ರೆ ಕೂಸನ್ನ ಫೇಲ್ ಮಾಡಿಸಿದ್ದು ನಾನೇ ಅನ್ನು."

ನನಗೆ ಅವಳ ಮುಖ ನೋಡಲಾಗಲಿಲ್ಲ. ಆ ಮನೆ ಉಳಿಯಲೆಂದು ಅವಳು ಕಲಿಸಿದ್ದ ಬುದ್ಧಿ ಅದು.

ಆದರೆ ಎವಲೀನಾಜ್ಜಿ ಅಷ್ಟು ಸುಲಭಕ್ಕೆ ಸೋಲುವವಳಲ್ಲ. ಸ್ವಲ್ಪ ಹೊತ್ತಿಗೆ ತಲೆಯೆತ್ತಿದಳು. "ಕಳೆಯಲ್ಲ ಅಂತ ನಿಂಗೆ ಯಾರು ಹೇಳಿದ್ದು?"

"ನಿಯಮದಲ್ಲೇ ಬರೆದಿದೆ ಅಜ್ಜಿ. ಓದಿ ಹೇಳ್ಲಾ?"

"ಬರೆದದ್ದನ್ನ ನಾನು ಬಹಳ ನೋಡಿದೀನಿ. ಫೋನ್ ಹಚ್ಚು. ಅವರ ಬಾಯಿಂದಾನೇ ಕೇಳಬೇಕು."

ರೋಶೆಲ್ ಪರೀಕ್ಷೆಯವರ ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಬಹಳ ಹೊತ್ತು ಸಂಗೀತ ಬಂತು. "ನೋಡು, ಹಾಡು ಹಾಕಿ ಸುಸ್ತು ಮಾಡಿಸ್ತಾರೆ," ಅಂದಳು ಅಜ್ಜಿ. ಕೊನೆಗೆ ಒಬ್ಬಳು ಹುಡುಗಿ ಬಂದಳು.

"ಏನು ಸಹಾಯ ಬೇಕಿತ್ತಮ್ಮಾ?"

"ನನ್ನ ಮೊಮ್ಮಗಳು ನಿಮ್ಮ ಲೆಕ್ಕದ ಪರೀಕ್ಷೆ ಬರೀತಾಳೆ. ಒಂದು ಉತ್ತರ ತಪ್ಪಾಯ್ತು ಅನ್ನು. ಸರಿ ಇರೋದ್ರಿಂದ ಕಿತ್ಕೋತೀರಾ?"

"ತಪ್ಪು ಉತ್ತರಕ್ಕೆ ದಂಡ ಅಂತ ಇರೋದಿಲ್ಲಮ್ಮಾ, ಅಂಕ ಕೊಡುವಾಗ ನಾವು..."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಕಿತ್ಕೋತೀರೋ ಇಲ್ವೋ?"

"ಇಲ್ಲಮ್ಮಾ."

"ಖಾಲಿ ಬಿಟ್ರೆ, ಪಾಪ ಪ್ರಾಮಾಣಿಕಳು ಅಂತ ಏನಾದ್ರೂ ಕೊಡ್ತೀರಾ?"

ಆ ಕಡೆ ನಗು ತಡೆದುಕೊಂಡ ಸದ್ದು. "ಇಲ್ಲಮ್ಮಾ. ಏನೂ ಕೊಡಲ್ಲ."

"ನಿನ್ನ ಹೆಸರೇನು? ಯಾರ ಮಗಳು ನೀನು?"

ರೋಶೆಲ್ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಫೋನ್ ಇಟ್ಟ ಮೇಲೆ ಅಜ್ಜಿ ಅಂದಳು, "ಇವಳಿಗೆ ಹಾಗೆ ಹೇಳು ಅಂತ ಹೇಳಿಕೊಟ್ಟಿರ್ತಾರೆ." ಊಟವಾದ ಮೇಲೆ ಮತ್ತೆ ಫೋನ್ ಮಾಡಿಸಿದಳು. ಈ ಸಲ ಗಂಡಸು. ಪ್ರಶ್ನೆ ತಿರುಗಿಸಿ ಮುರುಗಿಸಿ ಕೇಳಿದಳು. ಅವನದೂ ಅದೇ ಉತ್ತರ.

ಆಗ ಅಜ್ಜಿ ಫೋನನ್ನು ರೋಶೆಲ್ ಕೈಗೆ ವಾಪಸು ಕೊಟ್ಟಳು.

"ವರ್ನೀಸ್," ಅಂದಳು, "ನಮ್ಮಪ್ಪನ ಪರೀಕ್ಷೆಗೆ ನಿಯಮ ಅಂತ ಇದ್ದಿದ್ರೆ ಅದು ಆ ಗುಮಾಸ್ತನ ಬಾಯೊಳಗಿತ್ತು. ಎಷ್ಟು ಓದಿದ್ರೂ ಪಾಸಾಗ್ತಿರ್ಲಿಲ್ಲ. ಇವರು ಮುಂಚೇನೇ ಹೇಳ್ತಾರೆ. ಇಬ್ಬರನ್ನ ಕೇಳಿದ್ರೂ ಒಂದೇ ಹೇಳ್ತಾರೆ. ಇದಕ್ಕೆ ಓದಬಹುದು."

"ಹೌದಜ್ಜಿ. ಇದಕ್ಕೆ ಓದಬಹುದು."

"ಐಸಾಕ್ ಗುರುತು ಹಾಕಿದಾಗ ಕೈಲಿದ್ದದ್ದು ಹೋಯ್ತು. ಇಲ್ಲಿ ಗುರುತು ಹಾಕಿದ್ರೆ ಹೋಗೋದೇನಿಲ್ಲ." ರೋಶೆಲ್ ಕಡೆ ತಿರುಗಿದಳು. "ಕಾಗದಕ್ಕೆ ಸಹಿ ಹಾಕೋ ವಿಷಯಕ್ಕೆ ನನ್ನ ಮಾತು ಹಾಗೇ ಇದೆ, ನೆನಪಿರಲಿ. ಪರೀಕ್ಷೇಲಿ ಮಾತ್ರ ಒಂದನ್ನೂ ಬಿಡಬೇಡ."

"ಹಾಗಂತ ಕಣ್ಣು ಮುಚ್ಚಿ ಗುರುತು ಹಾಕಿದ್ರೆ ಪಾಸಾಗಲ್ಲ ಅಜ್ಜಿ," ಅಂದಳು ವರ್ನೀಸ್. "ಅದು ಕೊನೇ ಕೆಲಸ. ಮೊದಲು ಕಲೀಬೇಕು."

ಕಲಿತಳು. ಅವಳ ತೊಂದರೆ ಇದ್ದದ್ದು ಶೇಕಡದಲ್ಲಿ, ಅನುಪಾತದಲ್ಲಿ, ಗ್ರಾಫ್ ಓದುವುದರಲ್ಲಿ. ಉಳಿದದ್ದನ್ನು ಮುಟ್ಟಲೂ ವರ್ನೀಸ್ ಬಿಡಲಿಲ್ಲ. ದಿನವೂ ಸಂಜೆ ಸ್ವಲ್ಪ ಹೊತ್ತು, ತಪ್ಪಿಸುವ ಹಾಗಿಲ್ಲ. ಗೊತ್ತಿರುವ ಪ್ರಶ್ನೆ ಮೊದಲು, ಕಷ್ಟದ್ದು ಆಮೇಲೆ. ಖಂಡಿತ ಅಲ್ಲ ಎನಿಸುವ ಉತ್ತರಗಳನ್ನು ಹೊಡೆದುಹಾಕಿ ಉಳಿದದ್ದರಲ್ಲಿ ಆರಿಸುವುದು. ಕಂಪ್ಯೂಟರಿನ ಪರದೆಯ ಮೇಲೇ ಬರುವ ಕ್ಯಾಲ್ಕುಲೇಟರಿನಲ್ಲಿ ಕೈ ಪಳಗಿಸುವುದು. ಹೆಸರು ಕೂಡ ನೋಡಿದರು. ನಮ್ಮಲ್ಲಿ ಎಲ್ಲರಿಗೂ ಮನೆಯಲ್ಲಿ ಕರೆಯುವ ಹೆಸರೊಂದು, ಕಾಗದದ ಹೆಸರೊಂದು. ಗುರುತಿನ ಚೀಟಿಯಲ್ಲಿ ಇರುವಂತೆಯೇ ನೋಂದಣಿಯಲ್ಲೂ ಇರಬೇಕು, ಇಲ್ಲದಿದ್ದರೆ ಬಾಗಿಲಿನಿಂದಲೇ ವಾಪಸು.

ಅಜ್ಜಿ ಪಕ್ಕದಲ್ಲಿ ಕೂತು ಕಾವಲು ಕಾಯ್ದಳು. ರೋಶೆಲ್ ಪ್ರಶ್ನೆಯೊಂದನ್ನು ಹಾರಿಸಿದರೆ ಕೆಮ್ಮುತ್ತಿದ್ದಳು.

ಪರೀಕ್ಷೆಯ ದಿನ ಅಜ್ಜಿ ಚರ್ಚಿನ ಟೋಪಿ ಹಾಕಿಕೊಂಡು ನಮ್ಮ ಜೊತೆ ಹೊರಟಳು. ನಾನೇ ಕಾರು ಓಡಿಸಿದೆ. ಕೇಂದ್ರದ ಎದುರು ನೆರಳಿನಲ್ಲಿ ಕಾರು ನಿಲ್ಲಿಸಿ, ಬೇಯಿಸಿದ ಕಡಲೆಕಾಯಿ ಸುಲಿದು ತಿನ್ನುತ್ತಾ ಬಾಗಿಲು ಕಾದೆವು. "ಎಲ್ಲರನ್ನೂ ಒಂದೇ ಥರ ತಪಾಸಣೆ ಮಾಡ್ತಾರಾ ನೋಡು," ಅನ್ನುತ್ತಿದ್ದಳು. ಒಳಗೆ ಹೋದವರ ಮೇಲೆಲ್ಲ ಅವಳಿಗೆ ಕಣ್ಣು.

ರೋಶೆಲ್ ಹೊರಗೆ ಬಂದಾಗ ನಡೆದು ಬರಲಿಲ್ಲ, ಓಡಿ ಬಂದಳು. ಕಾರಿನ ಕಿಟಕಿಯೊಳಗೆ ತಲೆ ಹಾಕಿ ಅಜ್ಜಿಯ ಕುತ್ತಿಗೆ ತಬ್ಬಿಕೊಂಡು ಅಳತೊಡಗಿದಳು. ಟೋಪಿ ಬಿತ್ತು.

"ಅಳ್ತೀಯ ಯಾಕೆ? ಏನು ಮಾಡಿದ್ರು ನಿಂಗೆ?" ಅಜ್ಜಿ ಕಾರಿಳಿದು ಒಳಗೆ ಹೋಗಿ ಜಗಳ ಮಾಡಲು ಸಿದ್ಧಳಾಗಿದ್ದಳು.

"ಪಾಸು ಅಜ್ಜಿ! ಪರದೆ ಮೇಲೇ ತೋರಿಸ್ತು. ಪಾಸು!"

ಅಜ್ಜಿ ನಂಬಲಿಲ್ಲ. ಕಾಲೇಜಿನವರು ಫೋನ್ ಮಾಡಿ ಸೀಟು ಖಚಿತ ಎಂದಾಗಲೂ ಪೂರ್ತಿ ನಂಬಲಿಲ್ಲ. ತರಗತಿ ಶುರುವಾದ ದಿನ ರೋಶೆಲ್ ಭುಜಕ್ಕೆ ಚೀಲ ಹಾಕಿಕೊಂಡು ಸೇತುವೆ ಕಡೆಗೆ ಹೊರಟಾಗ, ಅವಳು ಕಣ್ಮರೆಯಾಗುವ ತನಕ ರಸ್ತೆಯಲ್ಲೇ ನಿಂತಿದ್ದಳು. ಆಮೇಲೆ ನನ್ನ ಕೈ ಹಿಡಿದು, "ಲವೋನಿಯಾ, ಇನ್ನು ನಮ್ಮ ಮಕ್ಕಳ ಮಾತು ತಪ್ಪು ಅನ್ನೋಕೆ ಯಾರಿಗೂ ಆಗಲ್ಲ. ಟೀಚರೇ ಹಾಗೆ ಮಾತಾಡ್ತಾಳೆ," ಅಂದಳು. ಅಷ್ಟು ವರ್ಷದಲ್ಲಿ ಅವಳು ಅಳುವುದನ್ನು ನಾನು ನೋಡಿದ್ದು ಆವತ್ತೇ.

ಮುಂದಿನ ಭಾನುವಾರ ಚರ್ಚಿನಲ್ಲಿ ಪ್ರಕಟಣೆಯ ಹೊತ್ತಿಗೆ ಎದ್ದು ನಿಂತು, ಹೆಸರು ಹಿಡಿದು ಕೂಗಿ, ಸಹಾಯಕಿ ಕೆಲಸದಲ್ಲಿರುವ ಹುಡುಗಿಯರನ್ನೆಲ್ಲ ಪರೀಕ್ಷೆಗೆ ಓದಲು ತನ್ನ ಜಗಲಿಗೆ ಕರೆದಳು. ಈಗ ಸಂಜೆಯಾದರೆ ಅಲ್ಲಿ ಕಾಲಿಡಲು ಜಾಗವಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಟೀಚರಾಗುವ ಆಸೆಯ ಹುಡುಗಿ ಇರಬಹುದು. ಪರೀಕ್ಷೆಯ ಮೇಲೆ ನಿಮಗೆ ಅನುಮಾನ ಇದ್ದರೆ ಅದು ತಪ್ಪಲ್ಲ. ಆದರೆ ಅನುಮಾನವನ್ನು ಮನೆಯೊಳಗೆ ಸಾಕಿಕೊಳ್ಳಬೇಡಿ, ಪರೀಕ್ಷೆ ನಡೆಸುವವರನ್ನೇ ಕೇಳಿ. ತಪ್ಪಿಗೆ ಅಂಕ ಕಳೆಯುತ್ತಾರಾ? ಫೇಲಾದ ಭಾಗವನ್ನಷ್ಟೇ ಮತ್ತೆ ಬರೆಯಬಹುದಾ? ಕೊನೆಯ ದಿನ ಯಾವುದು? ಒಂದೊಂದು ಪರೀಕ್ಷೆಗೆ ಒಂದೊಂದು ನಿಯಮ, ಆದ್ದರಿಂದ ನೆರೆಯವಳ ಮಾತು ನಂಬಬೇಡಿ. ನನ್ನ ಮಾತನ್ನೂ ನಂಬಬೇಡಿ. ಕೇಳಿ ತಿಳಿದುಕೊಂಡು ಇವತ್ತೇ ಅವಳನ್ನು ಒಂದು ಅಭ್ಯಾಸ ಪರೀಕ್ಷೆಗೆ ಕೂರಿಸಿ. ಆ ಹೊತ್ತಿನಲ್ಲಿ ಅವಳನ್ನು ಪಾತ್ರೆ ತೊಳೆಯಲು ಕರೆಯಬೇಡಿ. ಪಾತ್ರೆ ನೀವು ತೊಳೆಯಿರಿ.