ಟ್ರಂಕಾಲ್ ಅಜ್ಜಿ ನೋಡದ ಫೋಟೋ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯವೆಲ್ಲ ಯಾರ್‍ಯಾರದೋ ಮಾತಿಗೆ ತಂತಿ ಜೋಡಿಸಿ ನಿವೃತ್ತಳಾದ ಮುದುಕಿಗೆ ಬೀದಿಯವರು ಟ್ರಂಕಾಲ್ ಅಜ್ಜಿ ಎಂದು ಹೆಸರಿಟ್ಟಿದ್ದರು. ಅಜ್ಜಿಗೂ ಆ ಹೆಸರೆಂದರೆ ಒಳಗೊಳಗೇ ಖುಷಿ. ಲೈನ್ ಸಿಗುವವರೆಗೂ ಪಟ್ಟು ಬಿಡುವವಳಲ್ಲ, ಸಿಕ್ಕ ಮೇಲೆ ಕದ್ದು ಕೇಳುವವಳೂ ಅಲ್ಲ.

ಒಂದು ದಿನ ಅವಳ ಮಗ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ. ಆಸ್ಪತ್ರೆಯವರು ದೇಹವನ್ನು ಮುಖ ಮುಚ್ಚಿಯೇ ಕೊಟ್ಟರು. ತೆರೆಯುವುದು ಬೇಡ ಎಂದಳು ಸೊಸೆ, ಅಜ್ಜಿ ಒಪ್ಪಿದಳು. ಮನೆಯವರೇ ನೋಡದ ಆ ಮುಖವನ್ನು ಊರೆಲ್ಲ ನೋಡಿತು. ರಸ್ತೆಯಲ್ಲಿ ಬಿದ್ದಿದ್ದವನ ಫೋಟೋ ಫೋನಿನಿಂದ ಫೋನಿಗೆ ಹಾರಿ, ಶಾಲೆ ವ್ಯಾನಿನ ಗ್ರೂಪಿಗೂ ಬಂದು ಕೂತಿತು. ‘ಅಯ್ಯೋ ಪಾಪ’ ಎಂದು ಬರೆದು ಮುಂದೆ ತಳ್ಳಿದರೆ ತಮ್ಮ ಕರ್ತವ್ಯ ಮುಗಿಯಿತೆಂದು ಜನ ತಿಳಿದಿದ್ದಾರೆ. ಮೊಮ್ಮಗಳು ಶಾಲೆಗೆ ಹೋಗುವುದನ್ನೇ ನಿಲ್ಲಿಸಿದಳು.

“ವ್ಯಾನಲ್ಲಿ ಯಾರಾದ್ರೂ ನಂಗೆ ತೋರಿಸಿಬಿಟ್ರೆ?”

ಸೊಸೆ ಪೊಲೀಸರಿಗೆ ದೂರು ಕೊಟ್ಟು ಬಂದಳು. ನೋಡ್ತೀವಿ ಅಂದರಂತೆ.

“ಎಲ್ಲರೂ ನೋಡಿದ್ದೇ ಅಲ್ವಾ ಈಗಿನ ತೊಂದ್ರೆ,” ಎನ್ನುತ್ತ ಅಜ್ಜಿ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಫೋನ್ ಹಿಡಿದಳು. ಲೈನ್ ಕೆಟ್ಟರೆ ಈ ತುದಿಯಿಂದ ಒಂದೊಂದೇ ಕೊಂಡಿ ಪರೀಕ್ಷಿಸುತ್ತ ಹಿಂದಕ್ಕೆ ಹೋಗಬೇಕು, ಅದು ಅವಳ ಹಳೆಯ ಕಸುಬು. ಮೊದಲ ಕರೆ ವ್ಯಾನ್ ಡ್ರೈವರಿಗೆ.

“ತೀರಿಕೊಂಡವನ ಅಮ್ಮ ಮಾತಾಡ್ತಿರೋದು. ಆ ಫೋಟೋ ಅಳಿಸಪ್ಪ. ಯಾರ್‍ಯಾರಿಗೆ ಕಳಿಸಿದ್ಯೋ ಅವ್ರಿಗೂ ಅಳಿಸೋಕೆ ಹೇಳು. ನಿಂಗೆ ಕಳಿಸಿದ್ದು ಯಾರು?”

ಔಷಧಿ ಅಂಗಡಿಯವನು ಎಂದ ಡ್ರೈವರ್. ಅವನೋ, ಎಲ್ಲರೂ ಹುಷಾರಾಗಿ ಗಾಡಿ ಓಡಿಸಲಿ ಅಂತ ಹಾಕಿದ್ದು ಎಂದು ನೀತಿಪಾಠ ಶುರು ಮಾಡಿದ.

“ಹುಷಾರಾಗಿರಿ ಅಂತ ಬರೆದು ಹಾಕಪ್ಪ. ಅದಕ್ಕೆ ನನ್ನ ಮಗ ಯಾಕೆ?”

ಅವನು ನಾಲಿಗೆ ಕಚ್ಚಿಕೊಂಡ. ಅವನಿಗೆ ಕಳಿಸಿದ್ದ ಹಾಲಿನ ಅಂಗಡಿಯಾಕೆ ಮೊದಲು ತಾನಲ್ಲವೆಂದಳು, ಆಮೇಲೆ ಅತ್ತಳು, ಕೊನೆಗೆ ತನ್ನ ಮಂಡಿನೋವಿನ ಪುರಾಣವನ್ನೂ ಬಿಚ್ಚಿದಳು. ಅಜ್ಜಿ ಅದನ್ನೂ ಕೇಳಿದಳು. ಕೆಲವರು ಮನೆಗೇ ಬಂದು, ನೀವೇ ಅಳಿಸಿ ಎಂದು ಫೋನ್ ಚಾಚಿದರು. ಅಜ್ಜಿ ಮುಖ ತಿರುಗಿಸಿ, “ನೀವೇ ಒತ್ತಿ, ಆದ್ಮೇಲೆ ಹೇಳಿ,” ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ಅವಳಿಗೆ ನೆಮ್ಮದಿಯಿತ್ತು. ಮಗನಿಗಾಗಿ ಮಾಡುವುದು ಇನ್ನೂ ಏನೋ ಉಳಿದಿತ್ತಲ್ಲ.

ಕೊಂಡಿಗಳು ಹಿಂದೆ ಹಿಂದೆ ಹೋಗಿ ಅವಳ ಒಡಹುಟ್ಟಿದ ತಮ್ಮನಲ್ಲಿ ನಿಂತವು. ಕರೆದ ಕೂಡಲೇ ಬಂದು ಬಾಗಿಲಲ್ಲೇ ನಿಂತ. ಅಪಘಾತದ ಜಾಗಕ್ಕೆ ಮೊದಲು ಓಡಿದವನು ಅವನೇ.

“ನಾನೇ ಅಕ್ಕ. ಸುದ್ದಿ ತಿಳಿಸೋಕೆ ಅಣ್ಣತಮ್ಮಂದಿರ ಗ್ರೂಪಿಗೆ ಹಾಕಿದೆ. ಫೋನ್ ಮಾಡೋಣ ಅಂದ್ರೆ ಬಾಯೇ ಬರಲಿಲ್ಲ. ಏನಂತ ಹೇಳ್ಲಿ?”

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. ಆದರೆ ಬಾಯಿ ಬರದವರನ್ನು ಅವಳು ಬಲ್ಲಳು. ಎಕ್ಸ್‌ಚೇಂಜಿನಲ್ಲಿ ಎಷ್ಟೋ ಜನ ನಂಬರ್ ಕೂಡ ಹೇಳಲಾಗದೆ ಬರೀ ಉಸಿರು ಬಿಡುತ್ತ ಲೈನಿನಲ್ಲಿದ್ದಾಗ ತಂತಿ ಕೀಳದೆ ಕಾದವಳು.

“ನಂಗೆ ಫೋನ್ ಮಾಡಿ ಸುಮ್ನೆ ಹಿಡ್ಕೊಂಡಿದ್ರೆ ಸಾಕಿತ್ತು ಕಣೋ. ಗೊತ್ತಾಗ್ತಿತ್ತು.”

ತಮ್ಮ ಕಣ್ಣೊರೆಸಿಕೊಂಡು ಫೋನ್ ತೆಗೆದ. “ಈಗಲೇ ಅಳಿಸ್ತೀನಿ. ಅದಕ್ಕೆ ಮುಂಚೆ... ನೀನೊಂದು ಸಲ ನೋಡ್ತೀಯಾ? ಹೆತ್ತವಳು ನೀನು.”

ನೋಡಬೇಕೆಂಬ ಆಸೆ ಅವಳಿಗೂ ಆಯಿತು. ಊರಿಗೆಲ್ಲ ಕಂಡದ್ದು ತನಗೊಬ್ಬಳಿಗೆ ಬೇಡವೇ? ಅಜ್ಜಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯ ಕಡೆ ತಿರುಗಿದಳು.

“ಒತ್ತು,” ಎಂದಳು.

ಯಾರದೋ ಫೋನಿನಲ್ಲಿ ಒಂದೆರಡು ಉಳಿದಿದ್ದರೂ ಉಳಿದಿರಬಹುದು. ವ್ಯಾನಿನಲ್ಲಂತೂ ಇರಲಿಲ್ಲ. ಸೋಮವಾರ ಮೊಮ್ಮಗಳು ಯೂನಿಫಾರಂ ತೊಟ್ಟು, ಜಡೆ ಹಾಕಿಸಿಕೊಳ್ಳಲು ಅಜ್ಜಿಯ ಮುಂದೆ ಕೂತಳು.

“ಅಜ್ಜಿ, ನೀನು ನೋಡಿದ್ಯಾ ಅದನ್ನ?”

“ಇಲ್ಲ ಪುಟ್ಟಿ.”

“ಮತ್ತೆ ಅಪ್ಪನ್ನ ನೆನೆಸ್ಕೊಂಡ್ರೆ ನಿಂಗೇನು ಕಾಣುತ್ತೆ?”

“ಆವತ್ತು ಬೆಳಿಗ್ಗೆ ಗಡಿಬಿಡೀಲಿ ಹೊರಟನಲ್ಲ, ಕಿವಿ ಹಿಂದೆ ಶೇವಿಂಗ್ ನೊರೆ ಹಾಗೇ ಇತ್ತು. ಹೇಳೋಣ ಅನ್ನೋದ್ರಲ್ಲಿ ಬಾಗಿಲು ದಾಟಿದ್ದ.”

“ನಂಗೂ ಅದೇ ಕಾಣೋದು,” ಎಂದಳು ಹುಡುಗಿ. “ನಾನು ಬೇಕಂತ್ಲೇ ಹೇಳ್ಲಿಲ್ಲ. ಆಫೀಸಲ್ಲಿ ಎಲ್ರೂ ನಗ್ಲಿ ಅಂತ.”

ಅಜ್ಜಿಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು. ಹೊರಗೆ ವ್ಯಾನ್ ಹಾರ್ನ್ ಹೊಡೆಯಿತು. ಮೊಮ್ಮಗಳು ನಗುತ್ತಲೇ ಓಡಿಹೋಗಿ ಹತ್ತಿದಳು.