ಆಡಿನ ಮಾಂಸ

ಕುತ್ತಿಗೆಗೆ ತಂತಿ ಬಿಗಿದುಕೊಂಡ ಕಾಡುನಾಯಿಯೊಂದನ್ನು ಪ್ರವಾಸಿಗರು ನೋಡಿಬಿಟ್ಟ ಮೇಲೆ, ನಮ್ಮ ಸಫಾರಿ ಕ್ಯಾಂಪಿನಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಹತ್ತಿರದ ಊರೆಂದರೆ ಹೊಳೆಯಾಚೆ ಅರ್ಧ ದಿನದ ನಡಿಗೆ. ಅಷ್ಟು ದೂರದಿಂದ, ಸಿಂಹಗಳ ನಡುವೆ ನಡೆದು ಬಂದು ಉರುಲು ಕಟ್ಟಿ ಹೋಗುವವರು ಯಾರಿದ್ದಾರೆ? ಕಟ್ಟಿದವರು ನಮ್ಮ ಜೊತೆಗೇ ಊಟಕ್ಕೆ ಕೂರುವವರು. ಅದು ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ.

ಹೇಳಿದವರು ಕೆಲಸದವರ ಮೇಸ್ತ್ರಿ ರಾ-ಸೆದಿಮೊ ಒಬ್ಬರೇ. "ನಾಳೆ ವಿಮಾನದಲ್ಲಿ ವನ್ಯಜೀವಿ ಇಲಾಖೆಯವರು ಬರ್ತಾರೆ. ಅವರ ಕೈಗೆ ಸಿಕ್ಕಿಬಿದ್ರೆ ಜೈಲು. ತಾನಾಗೇ ಒಪ್ಪಿಕೊಂಡ್ರೆ ಅವರ ಹತ್ರ ನಾನು ಎರಡು ಮಾತಾಡಬಹುದು. ಯೋಚನೆ ಮಾಡಿ." ಹೇಳುತ್ತ ಹೇಳುತ್ತ ಅವರ ಕಣ್ಣು ನನ್ನ ಅಣ್ಣ ಮೊದಿರಿಯ ಮೇಲೆ ಬಂದು ನಿಂತಿತು.

ಅಣ್ಣ ಜಾಡು ಹಿಡಿಯುವವನು. ಸಫಾರಿ ಜೀಪಿನ ಮೂತಿಯ ಮೇಲಿನ ಪುಟ್ಟ ಸೀಟಿನಲ್ಲಿ ಕೂತು, ಮಣ್ಣಿನ ಗುರುತು ನೋಡಿ, ಚಿರತೆ ಎತ್ತ ಹೋಯಿತೆಂದು ತೋರಿಸುವ ಕೆಲಸ. ಕಾಡಿನೊಳಗೆ ಒಬ್ಬನೇ ನಡೆದು ಹೋಗಲು ಅಪ್ಪಣೆ ಇದ್ದದ್ದೂ ಅವನಿಗೇ. ಹಾಗಾಗಿ ಕೆಟ್ಟ ಹೆಸರು ಮೊದಲು ಅವನ ಮೇಲೆಯೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅಪ್ಪ ಹೋದ ಮೇಲೆ ನಾನು ಶಾಲೆ ಬಿಟ್ಟಾಗ, ಇಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಕೊಡಿಸಿದವನು ಅವನು. ನಮಗೆ ಮನೆ ಅಂತ ಇದ್ದದ್ದು ಈ ಕ್ಯಾಂಪೇ.

ನನ್ನ ಅನುಮಾನ ಲಾರಿ ಓಡಿಸುವ ದಿತಿರೊನ ಮೇಲಿತ್ತು. ಅವತ್ತು ಬೆಳಿಗ್ಗೆ ಅವನು ಅಡುಗೆಮನೆಗೆ ಒಂದು ಚೀಲ ಮಾಂಸ ಕೊಟ್ಟು, "ನಮ್ಮ ಮಾವನ ಮನೆ ಆಡು, ರಾತ್ರಿ ಊರಿಂದ ತಂದೆ" ಎಂದಿದ್ದ. ಆದರೆ ಬಟ್ಟೆ ಹರವಲು ನಾನು ಬೇಗ ಎದ್ದು ಹೋದಾಗ ಲಾರಿಯ ಮೈಮೇಲೆಲ್ಲ ಇಬ್ಬನಿ ಅಲುಗದೆ ಕೂತಿತ್ತು. ಚಕ್ರದ ಪಕ್ಕದ ಮರಳಿನಲ್ಲಿ ಹಿಂದಿನ ಸಂಜೆ ಕೋಳಿ ಕೆದಕಿದ ಗುರುತೂ ಹಾಗೇ ಇತ್ತು.

ಅಣ್ಣನನ್ನು ನೀರಿನ ತೊಟ್ಟಿಯ ಹಿಂದೆ ಕರೆದು ಹೇಳಿದೆ. "ಅಣ್ಣ, ದಿತಿರೊ ಸುಳ್ಳು ಹೇಳ್ತಿದಾನೆ. ಲಾರಿ ಎಲ್ಲಿಗೂ ಹೋಗಿಲ್ಲ."

"ನಿನಗ್ಯಾಕೆ ಲಾರಿ ಉಸಾಬರಿ?"

"ಕೊನೆಗೆ ನಿನ್ನ ತಲೆಗೇ ಕಟ್ತಾರೆ."

"ಮಾಯಿಪೆಲೊ, ಇದನ್ನ ಇನ್ಯಾರ ಹತ್ರನೂ ಬಾಯಿ ಬಿಡಬೇಡ. ನನ್ನಾಣೆ."

ಅವನಿಗೆ ದಿತಿರೊನ ಹೆದರಿಕೆ ಎಂದುಕೊಂಡೆ.

ಆಮೇಲೆ ಟೆಂಟಿನಲ್ಲಿ ಹೊದಿಕೆ ಬದಲಿಸುವಾಗ, ಕಾಡುನಾಯಿಯನ್ನು ನೋಡಿ ಅತ್ತಿದ್ದ ಪ್ರವಾಸಿ ಹೆಂಗಸು ತಾನಾಗಿ ಮಾತಿಗಿಳಿದಳು. "ನಿಮ್ಮಣ್ಣ ಅವತ್ತು ಆ ಕಡೆ ಮರದಲ್ಲಿ ಯಾವುದೋ ಹಕ್ಕಿ ತೋರಿಸ್ತಾನೇ ಇದ್ದ. ಪಾಪದ ನಾಯಿ ಈ ಕಡೆ ಪೊದೆ ಹತ್ರ ನಿಂತಿತ್ತು. ನಾನು ತಿರುಗಿ ನೋಡದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ನಾನು ದಿಂಬಿಗೆ ಬಟ್ಟೆ ತೊಡಿಸುತ್ತ ತಲೆ ಆಡಿಸಿದೆ. ಹಕ್ಕಿಯೂ ಕಂಡಿದ್ದಿರಬಹುದು. ಯಾಕಿರಬಾರದು?

ಮಧ್ಯಾಹ್ನ ಪ್ರವಾಸಿಗರು ಮಲಗಿದ್ದಾಗ ನಾವೆಲ್ಲ ಅಡುಗೆಮನೆಯ ಹಿಂದೆ ನೆರಳಿನಲ್ಲಿ ಊಟಕ್ಕೆ ಕೂತೆವು. ಅಡುಗೆಯ ಮಾ-ಪುಲೆ ದೊಡ್ಡ ತಟ್ಟೆಗಳಲ್ಲಿ ಮೆಕ್ಕೆಜೋಳದ ಮುದ್ದೆ, ಸೊಪ್ಪು, ಉಪ್ಪು ಹಾಕಿ ಬೇಯಿಸಿ ಕುಟ್ಟಿದ ಮಾಂಸ ತಂದಿಟ್ಟಳು. "ಬನ್ನಿ ಪುತಿಗಳಾ, ಬನ್ನಿ" ಎಂದು ನಮ್ಮಿಬ್ಬರನ್ನು ಕರೆದಳು. ಪುತಿಯೆಂದರೆ ಪೊದೆಗಳಲ್ಲಿ ಅವಿತಿರುವ, ಮೊಣಕಾಲೆತ್ತರದ ಹುಲ್ಲೆ. ನಮ್ಮದು ಅದರ ಬೆಡಗು, ನಮ್ಮ ಕುಲಕ್ಕೆ ಅದರದೇ ಹೆಸರು. ನಾವು ಅದನ್ನು ಕೊಲ್ಲುವಂತಿಲ್ಲ, ತಿನ್ನುವಂತಿಲ್ಲ, ಅದರ ತೊಗಲನ್ನು ತುಳಿಯುವಂತೆಯೂ ಇಲ್ಲ. ಕ್ಯಾಂಪಿನಲ್ಲಿ ಪುತಿ ಬೆಡಗಿನವರು ನಾವಿಬ್ಬರೇ.

"ಲೋ ದಿತಿರೊ," ಎಂದಳು ಮಾ-ಪುಲೆ, "ನಿಮ್ಮ ಮಾವ ಆಡು ಕೊಟ್ನೇನೋ? ನಿನಗೆ ಮಗಳನ್ನ ಕೊಡೋವಾಗಲೇ ಅಷ್ಟು ಅತ್ತವನು!"

ಎಲ್ಲರೂ ನಕ್ಕರು. ದಿತಿರೊ ಮಾತ್ರ ಮುದ್ದೆ ಮುರಿಯುತ್ತ ಕೂತ. ರಾ-ಸೆದಿಮೊ ನಗುತ್ತಲೇ ಒಬ್ಬೊಬ್ಬರ ಕೈ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಅಣ್ಣ ಬರೀ ಸೊಪ್ಪು ಮುದ್ದೆ ತಿನ್ನುತ್ತಿದ್ದ.

ನಾನು ಮಾಂಸಕ್ಕೆ ಕೈ ಹಾಕಿದೆ. ತಟ್ಟೆಯ ಅಂಚಿನಲ್ಲಿ ಅಣ್ಣನ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. ಗಟ್ಟಿಯಾಗಿ, ನೋಯುವಷ್ಟು.

ಆಡಾಗಿದ್ದರೆ ಅವನು ತಡೆಯುತ್ತಿರಲಿಲ್ಲ. ಇನ್ಯಾವ ಜಿಂಕೆಯಾಗಿದ್ದರೂ ತಡೆಯುತ್ತಿರಲಿಲ್ಲ. ಕುಟ್ಟಿ ನಾರುನಾರಾದ ಮಾಂಸವನ್ನು ನೋಡಿ ಅದು ಯಾವುದರದೆಂದು ಹೇಳಲು ಯಾರಿಂದಲೂ ಆಗದು. ಹೇಳಬೇಕಾದರೆ ಅದನ್ನು ಉರುಲಿನಲ್ಲಿ ಕಂಡಿರಬೇಕು. ನಾನು ಅವನ ಮುಖ ನೋಡಿದೆ. ಅವನು ಕೈ ಬಿಟ್ಟು ತಟ್ಟೆ ನೋಡತೊಡಗಿದ.

"ಏನಮ್ಮ ಮಾಯಿಪೆಲೊ," ರಾ-ಸೆದಿಮೊ ಕೇಳಿದರು, "ಕೈ ಯಾಕೆ ನಿಂತಿತು? ಅಣ್ಣನೂ ಮುಟ್ಟಿಲ್ಲ, ತಂಗಿನೂ ಮುಟ್ಟಿಲ್ಲ. ಪುತಿಗಳು ಆಡು ತಿನ್ನೋದು ಯಾವಾಗ ಬಿಟ್ರು?"

ಮಾ-ಪುಲೆಯ ಸೌಟು ಪಾತ್ರೆಯಲ್ಲೇ ನಿಂತಿತು. ಒಂದು ತುತ್ತು ತಿಂದರೆ ಸಾಕು, ಅಣ್ಣ ಉಳಿಯುತ್ತಿದ್ದ. ಪುತಿ ತಿಂದರೆ ಹಲ್ಲು ಉದುರುತ್ತದೆ, ಮೈಯೆಲ್ಲ ಹುಣ್ಣಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಉದುರಲಿ ಅನ್ನಿಸಿತು. "ಬಿಸಿ ಇತ್ತು, ಅದಕ್ಕೆ" ಎಂದು ಮಾಂಸ ಎತ್ತಿ ಬಾಯಿಯ ಹತ್ತಿರ ತಂದೆ.

ಅಣ್ಣ ನನ್ನ ಕೈಗೆ ಹೊಡೆದ. ಮಾಂಸ ಮರಳಿಗೆ ಬಿತ್ತು.

"ಅವಳಿಗೆ ತಿನ್ನಿಸಬೇಡಿ. ಅದು ಆಡಲ್ಲ."

"ಮತ್ತೇನು?"

"ಪುತಿ."

ಅಣ್ಣನೇ ಮುಂದುವರಿಸಿದ. "ಇಂಪಾಲ ಜಿಂಕೆಗೆ ಅಂತ ಕಟ್ಟಿದ್ದೆ. ನಾಯಿ ಬಿತ್ತು, ಆಮೇಲೆ ಇದು ಬಿತ್ತು. ಇದನ್ನ ನಾನು ಮುಟ್ಟಲಿಲ್ಲ, ದಿತಿರೊ ಬಿಚ್ಚಿದ. ಹೆಣ್ಣಿನ ಮನೆಯವರು ತೆರಕ್ಕೆ ಹಸು ಕೇಳ್ತಿದಾರೆ, ಮಾಂಸ ಮಾರಿದ್ರೆ ದುಡ್ಡು ಬರುತ್ತೆ. ಇಲ್ಲಿ ಜಾಡು ತೋರಿಸ್ತಾ ಕೂತ್ರೆ ನನಗೆ ಮುದುಕ ಆದ್ಮೇಲೆ ಮದುವೆ."

"ನಿನ್ನ ಬಾಯಿಗೆ ಮಣ್ಣು ಬೀಳ!" ದಿತಿರೊ ಎದ್ದು ನಿಂತ. "ಒಂದು ತುತ್ತು ತಿಂದಿದ್ರೆ ಅವಳೇನು ಸತ್ತು ಹೋಗ್ತಿದ್ಲಾ?"

"ಕೂತ್ಕೊಳೋ," ಎಂದರು ರಾ-ಸೆದಿಮೊ. ಆಮೇಲೆ ಅಣ್ಣನ ಕಡೆ ತಿರುಗಿ, ಬೈಯದೆ, ಸುಸ್ತಾದವರ ಹಾಗೆ ಕೇಳಿದರು. "ಇನ್ನೂ ಎಲ್ಲೆಲ್ಲಿ ಕಟ್ಟಿದೀಯ? ಏಳು, ತೋರಿಸು."

ಅವರಿಬ್ಬರೂ ಜೀಪು ಹತ್ತಿ ಹೋದರು. ಅಣ್ಣ ಮುಂದಿನ ಪುಟ್ಟ ಸೀಟಿನಲ್ಲಿ ಕೂರಲಿಲ್ಲ, ಹಿಂದೆ ಕೂತ.

ಚಹಾದ ಹೊತ್ತಿಗೆ ನಾನು ಒಗೆದ ಟವೆಲುಗಳನ್ನು ಟೆಂಟಿಗೆ ಒಯ್ದೆ. ಆ ಹೆಂಗಸು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಮ್ಮ ಜೀಪು ನಮ್ಮನ್ನ ಬಿಟ್ಟು ಎಲ್ಲಿಗೆ ಹೋಯ್ತು?"

"ಉರುಲು ಬಿಚ್ಚೋಕೆ."

"ಅಬ್ಬ, ಒಳ್ಳೆಯದಾಯ್ತು! ಕಟ್ಟಿದವರು ಯಾರು ಅಂತ ಗೊತ್ತಾಯ್ತಾ?"

ಇಲ್ಲ ಎನ್ನಬಹುದಿತ್ತು. ಬಟ್ಟೆ ಒಗೆಯುವವಳನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. "ಗೊತ್ತಾಯ್ತು. ನಮ್ಮಣ್ಣ" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ, ನಾನು ಹಿಡಿದಿದ್ದ ಟವೆಲು, ನನ್ನ ಏಪ್ರನ್ನಿನ ಜೇಬು. ಎರಡು ದಿನದಿಂದ ನಾನು ಎಲ್ಲರನ್ನೂ ನೋಡುತ್ತಿದ್ದದ್ದು ಹಾಗೇ.

"ಟವೆಲು ಇಲ್ಲೇ ಹೊರಗೆ ಇಡು" ಎಂದಳು, ಮೆತ್ತಗೆ. ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದೆ. ಹಿಂದಿನಿಂದ ಟೆಂಟಿನ ಜಿಪ್ಪು ಕೊನೆಯವರೆಗೂ ಎಳೆದ ಸದ್ದು ಕೇಳಿಸಿತು. ಆಮೇಲೆ ಒಂದು ಚಿಕ್ಕ ಬೀಗ ಕಚ್ಚಿಕೊಂಡ ಸದ್ದು.